ವೇದಿಕೆ ಏರುವ ಮುನ್ನ ಬೆರಳಿಗೆ ಬಿಸಿ

ನವೆಂಬರ್ ಬಂತೆಂದರೆ ಕನಕಪುರ, ಚನ್ನಪಟ್ಟಣ, ಮಾಗಡಿ ಸೀಮೆಯಲ್ಲಿ ಶಾಮಿಯಾನದವರಿಗೆ ಪುರುಸೊತ್ತಿರುವುದಿಲ್ಲ. ರಾಜ್ಯೋತ್ಸವ ಒಂದನೇ ತಾರೀಖಿಗೆ ಮುಗಿಯುವ ಹಬ್ಬವಲ್ಲ. ತಿಂಗಳು ಪೂರ್ತಿ, ಕೆಲವು ಕಡೆ ಡಿಸೆಂಬರ್ ನಡುವಿನ ತನಕವೂ, ಬೀದಿಗೊಂದು ಸಂಘ, ಸಂಘಕ್ಕೊಂದು ವೇದಿಕೆ. ಕರಪತ್ರದ ಕೊನೆಗೆ ದಪ್ಪಕ್ಷರದಲ್ಲಿ ‘ರಸಮಂಜರಿ ಕಾರ್ಯಕ್ರಮ’ ಎಂದಿರುತ್ತದೆ, ಸಮಯ ಸಂಜೆ 6 ಗಂಟೆ. ಆರ್ಕೆಸ್ಟ್ರಾದವರು ಬೆಂಗಳೂರಿನಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ಬಂದು, ಹೊತ್ತಿಗೆ ಮುಂಚೆಯೇ ವೈರು ಎಳೆದು, ಸೌಂಡ್ ಚೆಕ್ ಮುಗಿಸಿ ಕೂತಿರುತ್ತಾರೆ. ಆಮೇಲೆ ದೀಪ ಬೆಳಗುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಮೈಸೂರು ಪೇಟ, ಗಣ್ಯರ ‘ಎರಡೇ ಎರಡು ಮಾತು’. ರಸಮಂಜರಿಗೆ ವೇದಿಕೆ ಬಿಟ್ಟುಕೊಡುವಾಗ ಒಂಬತ್ತು ದಾಟಿರುವುದೂ ಉಂಟು.

ಅಷ್ಟರಲ್ಲಿ ಗಿಟಾರ್ ನುಡಿಸುವವರ ಬೆರಳು ತಣ್ಣಗಾಗಿರುತ್ತವೆ.

ಇದು ಸಣ್ಣ ವಿಷಯ ಅನ್ನಿಸಬಹುದು. ಕನಕಪುರದ ಚಳಿ ಎಷ್ಟು ಮಹಾ? ಡಿಸೆಂಬರ್ ರಾತ್ರಿಯ ತಾಪಮಾನ 15 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದರೆ ನಾವು ಸ್ವೆಟರ್ ಹುಡುಕುತ್ತೇವೆ, ಯೂರೋಪಿನವರಿಗೆ ಅದು ಹಿತವಾದ ಹವೆ. ಆದರೆ ಬಯಲಿನಲ್ಲಿ ಇಬ್ಬನಿ ಇಳಿಯುತ್ತಿರುವಾಗ, ಅಲುಗಾಡದೆ ಎರಡು ಮೂರು ಗಂಟೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಆಮೇಲೆ ಉಕ್ಕಿನ ತಂತಿಯ ಮೇಲೆ ಬೆರಳಿಟ್ಟು ಮೊದಲ ಹಾಡೇ ಕುಣಿಯುವ ಹಾಡಾಗಬೇಕು ಎಂದರೆ ಕಥೆ ಬೇರೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬಳಸುವಂತಿಲ್ಲ ಎಂಬ ನಿಯಮ 2000ನೇ ಇಸವಿಯಿಂದ ಜಾರಿಯಲ್ಲಿದೆ. ಉಳಿದಿರುವ ಒಂದು ಗಂಟೆಯಲ್ಲಿ ನಿಧಾನವಾಗಿ ಲಯಕ್ಕೆ ಬರೋಣ ಎನ್ನುವ ಅವಕಾಶವೇ ಇರುವುದಿಲ್ಲ. ಬೈಕಿನಲ್ಲಿ ಗಿಟಾರ್ ಬೆನ್ನಿಗೆ ಕಟ್ಟಿಕೊಂಡು ಕನಕಪುರ ರಸ್ತೆಯ ಗಾಳಿಗೆ ಕೈಯೊಡ್ಡಿ ಬಂದವರಿದ್ದರಂತೂ ಅವರ ಬೆರಳು ಬರುವಾಗಲೇ ಮರಗಟ್ಟಿರುತ್ತವೆ.

ಗಿಟಾರ್ ಬೇಡುವುದು ಏನನ್ನು ಎಂದು ನೋಡಿದರೆ ಇದರ ಕಷ್ಟ ತಿಳಿಯುತ್ತದೆ. ಮಾಮೂಲಿ ಅಕೂಸ್ಟಿಕ್ ಗಿಟಾರಿನ ಆರು ತಂತಿಗಳು ಸೇರಿ ಎಳೆಯುವ ಬಲ ಸುಮಾರು 70 ಕಿಲೋ ತೂಕಕ್ಕೆ ಸಮ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಇದು 45 ಕಿಲೋ ಸುತ್ತಮುತ್ತ. ಅಷ್ಟು ಬಿಗಿದ ತಂತಿಯನ್ನು ಎಡಗೈ ಬೆರಳ ತುದಿಯಿಂದ ಒತ್ತಿ ಹಿಡಿಯಬೇಕು. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಹಾಸಿ ಹಿಡಿಯುವ ಬಾರ್ ಕಾರ್ಡ್‌ಗಳಲ್ಲಿ ಒತ್ತಡ ಒಂದಿಷ್ಟು ಕಡಿಮೆಯಾದರೂ ತಂತಿ ಗರ್ ಎನ್ನುತ್ತದೆ. ಕಲಿಯುವವರನ್ನು ಅಳಿಸುವ ‘ಎಫ್’ ಕಾರ್ಡ್ ಇದೇ ಜಾತಿಯದು, ಚಳಿಯ ರಾತ್ರಿ ಪಳಗಿದವರನ್ನೂ ಅದು ಪರೀಕ್ಷಿಸುತ್ತದೆ.

ಬೆರಳು ಬಿಸಿ ಮಾಡುವುದು ಎನ್ನುವ ಮಾತಿನಲ್ಲೇ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಬೆರಳಿನೊಳಗೆ ಅದನ್ನು ಮಡಿಸುವ, ಚಾಚುವ ಸ್ನಾಯುಗಳೇ ಇಲ್ಲ. ಒಂದಿಷ್ಟು ಸಣ್ಣ ಸ್ನಾಯುಗಳು ಅಂಗೈಯಲ್ಲಿವೆ, ದೊಡ್ಡ ಕೆಲಸ ಮಾಡುವವು ಇರುವುದು ಮೊಣಕೈ ಮತ್ತು ಮಣಿಕಟ್ಟಿನ ನಡುವೆ, ಮುಂದೋಳಿನಲ್ಲಿ. ಅಲ್ಲಿಂದ ಉದ್ದನೆಯ ಸ್ನಾಯುರಜ್ಜುಗಳು ಬೆರಳಿನವರೆಗೆ ಬಂದು, ಸೂತ್ರದ ಬೊಂಬೆಯನ್ನು ಮೇಲಿಂದ ಆಡಿಸಿದಂತೆ ಬೆರಳನ್ನು ಆಡಿಸುತ್ತವೆ. ಓದುಗರು ಈಗಲೇ ಪರೀಕ್ಷಿಸಿ ನೋಡಬಹುದು: ಒಂದು ಕೈಯಿಂದ ಇನ್ನೊಂದು ಕೈಯ ಮುಂದೋಳನ್ನು ಮೆಲ್ಲಗೆ ಹಿಡಿದು ಬೆರಳುಗಳನ್ನು ಪಿಯಾನೋ ನುಡಿಸುವಂತೆ ಆಡಿಸಿ. ಚರ್ಮದಡಿ ಓಡಾಟ ಗೊತ್ತಾಗುತ್ತದೆ. ಮಣಿಕಟ್ಟಿನ ಅಂಗೈ ಬದಿಯ ಇಕ್ಕಟ್ಟಾದ ಒಂದು ಸುರಂಗದಲ್ಲಿ ಒಂಬತ್ತು ಸ್ನಾಯುರಜ್ಜುಗಳೂ ಒಂದು ಮುಖ್ಯ ನರವೂ ಒಟ್ಟಿಗೆ ಹಾದುಹೋಗುತ್ತವೆ. ಬೆರಳ ತುದಿಯನ್ನಷ್ಟೇ ಉಜ್ಜಿಕೊಂಡು ವೇದಿಕೆ ಹತ್ತುವವರು ಕೆಲಸ ಮಾಡುವ ಭಾಗವನ್ನು ತಣ್ಣಗೇ ಬಿಟ್ಟು ಹತ್ತುತ್ತಾರೆ.

ತಣ್ಣಗಾದ ಕೈ ನಿಧಾನವಾಗುವುದು ಬರೀ ಅನಿಸಿಕೆಯಲ್ಲ. ನರದಲ್ಲಿ ಸಂದೇಶ ಓಡುವ ವೇಗ ಉಷ್ಣತೆ ಇಳಿದಂತೆ ಇಳಿಯುತ್ತದೆ, ಒಂದು ಡಿಗ್ರಿಗೆ ಸೆಕೆಂಡಿಗೆ ಸುಮಾರು ಎರಡು ಮೀಟರ್‌ನಷ್ಟು. ನರರೋಗ ತಜ್ಞರು ಕೈಯ ನರಗಳ ಪರೀಕ್ಷೆ ಮಾಡುವ ಮುಂಚೆ ಕೈ ಬೆಚ್ಚಗಿದೆಯೇ ಎಂದು ನೋಡಿಕೊಳ್ಳುವುದು ಇದಕ್ಕೇ, ತಣ್ಣಗಿದ್ದರೆ ಆರೋಗ್ಯವಂತರ ನರವೂ ರೋಗದ ನರದಂತೆ ಕಾಣಬಹುದು. ಸ್ನಾಯುಗಳೂ ತಣ್ಣಗಿದ್ದಾಗ ತಡವಾಗಿ ಹಿಡಿಯುತ್ತವೆ, ತಡವಾಗಿ ಬಿಡುತ್ತವೆ. ಗಿಟಾರಿನಲ್ಲಿ ಬಿಡುವುದು ಒತ್ತುವಷ್ಟೇ ಮುಖ್ಯ. ಬೆರಳು ಸಕಾಲಕ್ಕೆ ಏಳದಿದ್ದರೆ ಹಿಂದಿನ ಸ್ವರ ಮುಂದಿನ ಸ್ವರದ ಮೇಲೆ ಚೆಲ್ಲಿಕೊಳ್ಳುತ್ತದೆ.

ಹವೆಯ ಚಳಿಯ ಜತೆ ಒಳಗಿನ ಚಳಿಯೂ ಇದೆ. ಮುಂದೆ ಸಾವಿರ ಜನ ಕೂತಿದ್ದಾರೆ ಎಂದಾಗ ಮೈಯಲ್ಲಿ ಅಡ್ರಿನಲಿನ್ ಉಕ್ಕುತ್ತದೆ. ಅದು ಚರ್ಮದ, ಬೆರಳುಗಳ ಸಣ್ಣ ರಕ್ತನಾಳಗಳನ್ನು ಹಿಂಡಿ ರಕ್ತವನ್ನು ದೊಡ್ಡ ಸ್ನಾಯುಗಳ ಕಡೆ ತಿರುಗಿಸುತ್ತದೆ. ಓಡಲು, ಹೊಡೆದಾಡಲು ಸಿದ್ಧವಾಗುವ ದೇಹಕ್ಕೆ ಕಿರುಬೆರಳಿನ ನಾಜೂಕು ಬೇಕಿಲ್ಲ. ಹೀಗಾಗಿ ಏಪ್ರಿಲ್‌ನ ಸೆಕೆಯಲ್ಲೂ ವೇದಿಕೆಯ ಪಕ್ಕ ನಿಂತವರ ಕೈ ತಣ್ಣಗೆ, ಬೆವರಿ ಇರುತ್ತದೆ. ಚಳಿಗಾಲದಲ್ಲಿ ಎರಡೂ ಸೇರುತ್ತವೆ.

ಕನಕಪುರ ಸೀಮೆಗೆ ವಾದ್ಯ ಕಾಯಿಸುವುದು ಹೊಸದೇನಲ್ಲ. ಕಬ್ಬಾಳಮ್ಮನ ಜಾತ್ರೆಯಿರಲಿ, ಊರಹಬ್ಬದ ಮೆರವಣಿಗೆಯಿರಲಿ, ತಮಟೆಯವರು ಮೊದಲು ಮಾಡುವ ಕೆಲಸ ಒಣಹುಲ್ಲು, ತೆಂಗಿನ ಗರಿ, ಕಾಗದ ಏನು ಸಿಕ್ಕರೆ ಅದನ್ನು ಗುಡ್ಡೆ ಹಾಕಿ ಬೆಂಕಿ ಹಚ್ಚುವುದು. ತೇವ ಹೀರಿ ಸಡಿಲಗೊಂಡ ಚರ್ಮ ಕಾವಿಗೆ ಬಿಗಿಯಾಗುತ್ತದೆ, ನಾದ ಏರುತ್ತದೆ. ತಮಟೆ ಕಾಯುವಷ್ಟು ಹೊತ್ತು ಅದನ್ನು ಹಿಡಿದ ಕೈಯೂ ಕಾಯುತ್ತದೆ, ಅಲ್ಲಲ್ಲೇ ಒಂದೆರಡು ಪೆಟ್ಟು ಹಾಕಿ ನೋಡುವಾಗ ಮಣಿಕಟ್ಟೂ ಸಡಿಲವಾಗುತ್ತದೆ. ಶಿಡ್ಲಘಟ್ಟ ಕಡೆಯ ತಮಟೆ ಕಲಾವಿದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಈ ವಾದ್ಯದ ಕಡೆ ಒಂದಿಷ್ಟು ಕಣ್ಣು ಹರಿಯಿತು. ಈಚೆಗೆ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ, ಕಾಯಿಸುವ ಗೊಡವೆಯಿಲ್ಲ. ಬೆಂಕಿಯ ಸುತ್ತ ಕೂರುವ ಆ ಕಾಲು ಗಂಟೆ ಹೋದದ್ದು ಲಾಭವೋ ನಷ್ಟವೋ ಎಂಬುದನ್ನು ಬಾರಿಸುವವರ ಮಣಿಕಟ್ಟೇ ಹೇಳಬೇಕು.

ಶಾಸ್ತ್ರೀಯ ಸಂಗೀತದವರು ಇದನ್ನು ಕಛೇರಿಯ ಒಳಗೇ ಸೇರಿಸಿಕೊಂಡಿದ್ದಾರೆ. ಇಂದಿನ ಕರ್ನಾಟಕ ಸಂಗೀತ ಕಛೇರಿಯ ಚೌಕಟ್ಟನ್ನು ರೂಢಿಗೆ ತಂದವರೆಂದು ಹೆಸರಾದ ಅರಿಯಾಕುಡಿ ರಾಮಾನುಜ ಅಯ್ಯಂಗಾರ್ (1890–1967) ಅವರ ಪದ್ಧತಿಯಲ್ಲಿ ಮೊದಲು ಬರುವುದು ವರ್ಣ. ಅದನ್ನು ಎರಡು ಕಾಲಗಳಲ್ಲಿ ನುಡಿಸಿದರೆ ಗಾಯಕರ ಗಂಟಲು, ಪಿಟೀಲಿನವರ ಬೆರಳು, ಮೃದಂಗದವರ ಕೈ ಮೂರೂ ಹದಕ್ಕೆ ಬರುತ್ತವೆ. ಅದಕ್ಕೂ ಹಿಂದಿನದು ಪುರಂದರದಾಸರ ಹೆಸರಿನಲ್ಲಿ ಬಂದಿರುವ ಸರಳೆ ವರಸೆ, ಜಂಟಿ ವರಸೆ, ಅಲಂಕಾರಗಳ ಪಾಠ. ಮಾಯಾಮಾಳವಗೌಳದಲ್ಲಿ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಎಂದು ವೀಣೆಯ ಮೇಲೆ ಹತ್ತಿ ಇಳಿಯುವ ಮಕ್ಕಳಿಗೆ ಅದು ಬೇಸರದ ಪಾಠ, ಅವರ ಬೆರಳಿಗೆ ಅದು ಗರಡಿ. ಗಿಟಾರ್ ತರಗತಿಯಲ್ಲಿ ಇಂಗ್ಲಿಷ್ ಹೆಸರಿನ ವ್ಯಾಯಾಮ ಕಂಡು ಬೆರಗಾಗುವವರು ಪಕ್ಕದ ಮನೆಯ ವೀಣೆ ಪಾಠಕ್ಕೆ ಒಮ್ಮೆ ಕಿವಿಗೊಟ್ಟರೆ ಸಾಕು.

ರಸಮಂಜರಿಯಲ್ಲೂ ವರ್ಣದಂಥದ್ದೊಂದು ಇದೆ. ಮೊದಲ ಹಾಡು ಗಣಪತಿಯದೋ ಅಮ್ಮನವರದೋ ಆಗಿರುತ್ತದೆ. ಭಕ್ತಿಗೆ ಭಕ್ತಿಯೂ ಆಯಿತು, ನಿಧಾನ ಗತಿಯ ಹಾಡಾದ್ದರಿಂದ ತಂಡಕ್ಕೆ ಕೈ ಕೂಡಿಸಿಕೊಳ್ಳಲು ನಾಲ್ಕು ನಿಮಿಷವೂ ಸಿಕ್ಕಿತು. ಹೊತ್ತಾಯಿತೆಂದು ಆ ಹಾಡನ್ನು ಬಿಟ್ಟು ನೇರವಾಗಿ ‘ಗೀತಾ’ (1981) ಅಥವಾ ‘ಪ್ರೇಮಲೋಕ’ದ (1987) ಕುಣಿತದ ಹಾಡಿಗೆ ನುಗ್ಗಿದಾಗ ಗಿಟಾರ್ ತಡವರಿಸಿದರೆ ಅಚ್ಚರಿಪಡಬೇಕಿಲ್ಲ.

ಹಾಗಾದರೆ ಪಳಗಿದ ಗಿಟಾರ್ ವಾದಕರು ಏನು ಮಾಡುತ್ತಾರೆ? ವಾದ್ಯ ಮುಟ್ಟುವ ಮುಂಚೆ ದೇಹವನ್ನು ಬೆಚ್ಚಗಾಗಿಸುತ್ತಾರೆ. ವೇದಿಕೆಯ ಹಿಂದೆ ಚುರುಕಾಗಿ ನಾಲ್ಕು ಹೆಜ್ಜೆ ಓಡಾಡುವುದು, ಭುಜ ತಿರುಗಿಸುವುದು, ತೋಳನ್ನು ಚಾಚಿ ದೊಡ್ಡ ವೃತ್ತದಲ್ಲಿ ಬೀಸುವುದು. ತೋಳು ಬೀಸಿದಾಗ ರಕ್ತ ಬೆರಳ ತುದಿಯತ್ತ ತಳ್ಳಲ್ಪಡುತ್ತದೆ, ಹಿಮದ ನಾಡಿನವರು ಕೈ ಮರಗಟ್ಟಿದಾಗ ಮಾಡುವುದೂ ಇದನ್ನೇ. ಎದೆ ಹೊಟ್ಟೆ ಬೆಚ್ಚಗಿದ್ದರೆ ದೇಹವೇ ಬೆರಳಿಗೆ ರಕ್ತ ಕಳಿಸುತ್ತದೆ. ಹಾಗಾಗಿ ಬರೀ ಜರತಾರಿ ಅಂಗಿಯಲ್ಲಿ ನಡುಗುತ್ತಾ ಕೈಯುಜ್ಜಿಕೊಳ್ಳುವುದಕ್ಕಿಂತ ವೇದಿಕೆ ಹತ್ತುವ ತನಕ ಅದರ ಮೇಲೊಂದು ಸ್ವೆಟರ್ ಹಾಕಿಕೊಂಡಿರುವುದು ಜಾಣತನ. ಕೈಯನ್ನು ಕಂಕುಳಲ್ಲಿಡುವುದು, ಬಿಸಿ ಚಹಾದ ಲೋಟವನ್ನು ಎರಡೂ ಅಂಗೈಯಲ್ಲಿ ಹಿಡಿದು ಕೂರುವುದು ಎಲ್ಲರಿಗೂ ಗೊತ್ತಿರುವ ಉಪಾಯಗಳೇ.

ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ (1932–1982) ಕಛೇರಿಗೆ ಮುಂಚೆ ಕೈಗಳನ್ನು ಬಿಸಿನೀರಿನಲ್ಲಿ ನೆನೆಸಿಡುತ್ತಿದ್ದರು. ಬೇಸಿಗೆಯಲ್ಲೂ ಕೋಟು, ಕೈಗವಸು ಬಿಡುತ್ತಿರಲಿಲ್ಲ. ಈ ಕಥೆ ಕೇಳಿ ಬಕೆಟ್ ಬಿಸಿನೀರು ತರಿಸುವ ಗಿಟಾರ್ ವಾದಕರು ಒಂದು ವ್ಯತ್ಯಾಸ ಗಮನಿಸಬೇಕು. ಪಿಯಾನೋದಲ್ಲಿ ಬೆರಳು ನಯವಾದ ಮನೆಗಳನ್ನು ತಟ್ಟುತ್ತದೆ, ಗಿಟಾರಿನಲ್ಲಿ ತಂತಿಯೇ ಚರ್ಮಕ್ಕೆ ತಾಗುತ್ತದೆ. ವರ್ಷಗಟ್ಟಲೆ ನುಡಿಸಿ ಜಡ್ಡುಗಟ್ಟಿದ ಎಡಗೈ ಬೆರಳ ತುದಿಯೇ ಅವರ ರಕ್ಷಾಕವಚ. ಹೆಚ್ಚು ಹೊತ್ತು ನೀರಲ್ಲಿಟ್ಟರೆ ಅದು ಮೆತ್ತಗಾಗಿ, ತಂತಿ ಕೊರೆದು, ಸಿಪ್ಪೆ ಏಳುತ್ತದೆ. ಗಿಟಾರಿನವರಿಗೆ ಒಣ ಶಾಖವೇ ಲೇಸು. ನೀರೇ ಬೇಕೆಂದರೆ ಮುಂದೋಳಿಗೆ ಬಿಸಿನೀರಲ್ಲಿ ಹಿಂಡಿದ ಟವೆಲ್ ಸುತ್ತಿಕೊಳ್ಳಬಹುದು, ಬೆರಳ ತುದಿ ಹೊರಗಿರಲಿ.

ಆಮೇಲೆ ವಾದ್ಯ. ಮೊದಲ ಪಾಠದಿಂದ ಹಿಡಿದು ಮುಪ್ಪಿನವರೆಗೂ ಜತೆಗಿರುವ ವ್ಯಾಯಾಮವೆಂದರೆ ನಾಲ್ಕು ಬೆರಳು, ನಾಲ್ಕು ಮನೆ. ತೋರುಬೆರಳು, ನಡುಬೆರಳು, ಉಂಗುರ ಬೆರಳು, ಕಿರುಬೆರಳು ಒಂದರ ಪಕ್ಕ ಒಂದು ಫ್ರೆಟ್‌ನಲ್ಲಿ ಕೂರುತ್ತಾ ಆರನೇ ತಂತಿಯಿಂದ ಒಂದನೇ ತಂತಿಗೆ ಹೋಗಿ ವಾಪಸು ಬರಬೇಕು. ನಾಲ್ಕು ಬೆರಳಿನ ಕ್ರಮವನ್ನು 24 ಬಗೆಯಲ್ಲಿ ಬದಲಿಸಬಹುದು, ಹೀಗಾಗಿ ಬೇಸರವಿಲ್ಲ. ಹೊಸಬರು ಇದನ್ನು ಒಂದನೇ ಫ್ರೆಟ್‌ನಿಂದ ಶುರು ಮಾಡುತ್ತಾರೆ, ಪಳಗಿದವರು ಏಳನೆಯದರ ಆಸುಪಾಸಿನಿಂದ. ಕಾರಣ ಲೆಕ್ಕದಲ್ಲಿದೆ. ಫ್ರೆಟ್‌ಗಳು ಕೆಳಗಿಳಿದಂತೆ ಹತ್ತಿರವಾಗುತ್ತಾ ಹೋಗುತ್ತವೆ. 648 ಮಿಲಿಮೀಟರ್ ತಂತಿಯುದ್ದದ ಗಿಟಾರಿನಲ್ಲಿ ಮೊದಲ ಮನೆ ಸುಮಾರು 36 ಮಿಲಿಮೀಟರ್ ಅಗಲ, ಏಳನೆಯದು ಸುಮಾರು 26, ಹನ್ನೆರಡನೆಯದು 19. ತಣ್ಣಗಿನ ಕೈಯನ್ನು ಮೊದಲೇ ಅಗಲಿಸಿ ಎಳೆಯುವುದರ ಬದಲು ಇಕ್ಕಟ್ಟಾದ ಮನೆಗಳಲ್ಲಿ ಸಡಿಲಿಸಿಕೊಂಡು ಮೇಲಕ್ಕೆ ಬರುವುದು ಅವರ ಕ್ರಮ.

ಈ ವ್ಯಾಯಾಮದ ತಿರುಳು ವೇಗವಲ್ಲ. ಮೆಟ್ರೊನೋಮ್ ನಿಮಿಷಕ್ಕೆ 60 ತಟ್ಟುವಂತೆ ಇಟ್ಟುಕೊಂಡು, ಸ್ವರ ಹೊರಡಲು ಎಷ್ಟು ಬೇಕೋ ಅಷ್ಟೇ ಒತ್ತುವುದು. ಗಾಬರಿಯಲ್ಲಿರುವವರು ಬೇಕಾದ್ದಕ್ಕಿಂತ ಬಹಳ ಹೆಚ್ಚು ಒತ್ತುತ್ತಾರೆ, ಮೂರನೇ ಹಾಡಿನ ಹೊತ್ತಿಗೆ ಹೆಬ್ಬೆರಳಿನ ಬುಡ ನೋಯತೊಡಗುತ್ತದೆ. ಉಂಗುರ ಬೆರಳಿಗೆ ಸ್ವಲ್ಪ ಹೆಚ್ಚು ಗಮನ ಬೇಕು. ಅದನ್ನು ಎತ್ತುವ ಸ್ನಾಯುರಜ್ಜು ಪಕ್ಕದ ಬೆರಳುಗಳ ರಜ್ಜುಗಳಿಗೆ ಅಡ್ಡಪಟ್ಟಿಗಳಿಂದ ಕಟ್ಟಿಕೊಂಡಿರುವುದರಿಂದ ಅದು ಒಂಟಿಯಾಗಿ ಏಳಲು ಒಲ್ಲದು. ಬಲಗೈಗೆ ಬೇರೆ ಕೆಲಸ: ತಂತಿಯನ್ನು ಎಡಗೈಯಿಂದ ಮೆಲ್ಲಗೆ ಮುಚ್ಚಿ ಸದ್ದಡಗಿಸಿ, ಪಿಕ್ ಅನ್ನು ಮೇಲೆ ಕೆಳಗೆ ಆಡಿಸುವುದು. ಎಲೆಕ್ಟ್ರಿಕ್ ಗಿಟಾರಿನವರಿಗೆ ಇನ್ನೊಂದು ಅನುಕೂಲವಿದೆ. ಆಂಪ್ಲಿಫೈಯರ್‌ಗೆ ಚುಚ್ಚದಿದ್ದರೆ ಅದರ ಸದ್ದು ಪಕ್ಕದವರಿಗೂ ಸರಿಯಾಗಿ ಕೇಳುವುದಿಲ್ಲ, ಮುಂದೆ ಮುಖ್ಯ ಅತಿಥಿಗಳ ಭಾಷಣ ನಡೆಯುತ್ತಿದ್ದರೂ ಹಿಂದೆ ಬೆರಳಾಡಿಸಬಹುದು.

ಸ್ಪೇನಿನ ಆಂದ್ರೆಸ್ ಸೆಗೋವಿಯಾ 1953ರಲ್ಲಿ ಪ್ರಕಟಿಸಿದ ಸ್ವರಶ್ರೇಣಿಗಳ ಪುಟ್ಟ ಪುಸ್ತಕ ಇಂದಿಗೂ ಶಾಸ್ತ್ರೀಯ ಗಿಟಾರ್ ವಿದ್ಯಾರ್ಥಿಗಳ ಕೈಯಲ್ಲಿದೆ. ಅಷ್ಟೇ ಮನೆಗಳು, ಅಷ್ಟೇ ಏರಿಳಿತ, ದಿನವೂ. ರಾಕ್ ಸಂಗೀತದವರೂ ಹಿಂದೆ ಬಿದ್ದಿಲ್ಲ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ತಂಡಕ್ಕೆ ಒಂದು ರೂಢಿಯಿದೆ. ವೇದಿಕೆಯ ಹಿಂದೆ ಡ್ರಮ್ಸ್, ಸಣ್ಣ ಆಂಪ್ಲಿಫೈಯರ್‌ಗಳಿರುವ ಒಂದು ಕೋಣೆ ಮಾಡಿಕೊಂಡು, ಪ್ರದರ್ಶನಕ್ಕೆ ಮುಂಚೆ ನಾಲ್ವರೂ ಅಲ್ಲಿ ಸೇರಿ ಒಂದಷ್ಟು ಹಾಡು ನುಡಿಸಿಕೊಂಡೇ ಹೊರಗೆ ಬರುತ್ತಾರೆ. ಮೈದಾನದ ಜನ ಮೊದಲ ಹಾಡೆಂದು ಕೇಳುವುದು ಅವರ ಕೈಗೆ ಮೊದಲ ಹಾಡಲ್ಲ.

ಕೈಯಷ್ಟೇ ಅಲ್ಲ, ತಂತಿಯೂ ಚಳಿಗೆ ಬದಲಾಗುತ್ತದೆ. ತಣ್ಣಗಾದಾಗ ಉಕ್ಕು ಕುಗ್ಗಿ ಬಿಗಿಯಾಗಿ ಶ್ರುತಿ ಏರುತ್ತದೆ, ವೇದಿಕೆಯ ದೀಪದ ಕಾವು ಮತ್ತು ನುಡಿಸುವ ಬೆರಳಿನ ಬಿಸಿ ತಾಗಿದಾಗ ಇಳಿಯುತ್ತದೆ. ಐದು ಗಂಟೆಯ ಸೌಂಡ್ ಚೆಕ್‌ನಲ್ಲಿ ಸೇರಿಸಿದ ಶ್ರುತಿ ಒಂಬತ್ತಕ್ಕೆ ನಂಬಿಕಸ್ತವಲ್ಲ. ಕೈ ಕಾಯಿಸಿದ ಮೇಲೆ, ತಂತಿಯ ಮೇಲೆ ಹತ್ತು ನಿಮಿಷ ಬೆರಳಾಡಿದ ಮೇಲೆ, ಕೊನೆಗೆ ಶ್ರುತಿ ಮಾಡಿಕೊಳ್ಳಬೇಕು. ಈ ಕ್ರಮ ತಲೆಕೆಳಗಾದರೆ ಕೀಬೋರ್ಡಿನವರ ಕೆಂಗಣ್ಣು ಖಾತ್ರಿ.

ಬೆಚ್ಚಗಾಗಿಸುವುದಕ್ಕೂ ಅಭ್ಯಾಸಕ್ಕೂ ಇರುವ ಗೆರೆಯನ್ನು ಎಳೆಯ ವಾದಕರು ಮರೆಯುತ್ತಾರೆ. ವೇದಿಕೆಯ ಹಿಂದೆ ಆ ದಿನದ ಕಷ್ಟದ ಸೋಲೋವನ್ನೇ ಇಪ್ಪತ್ತು ಸಲ ತಿಕ್ಕಿ, ಏರುವ ಮುಂಚೆಯೇ ಕೈ ದಣಿಸಿಕೊಳ್ಳುತ್ತಾರೆ. ಹತ್ತು ಹದಿನೈದು ನಿಮಿಷ ಸಾಕು, ನೋವಿನವರೆಗೆ ಹೋಗಬಾರದು. ಬೆರಳನ್ನು ಹಿಂದಕ್ಕೆ ಬಾಗಿಸಿ ಎಳೆದು ಹಿಡಿಯುವುದು ನೋಡಲು ವೃತ್ತಿಪರವಾಗಿ ಕಾಣುತ್ತದೆ, ಆದರೆ ತಣ್ಣಗಿನ ಸ್ನಾಯುರಜ್ಜುವನ್ನು ಹಾಗೆ ಜಗ್ಗುವುದರಲ್ಲಿ ಅಪಾಯವೇ ಹೆಚ್ಚು. ಜರ್ಮನಿಯ ಸಂಗೀತಕಾರ ರಾಬರ್ಟ್ ಶೂಮನ್ (1810–1856) ಪಿಯಾನೋ ವಾದಕನಾಗುವ ಕನಸು ಹೊತ್ತಿದ್ದವರು. ಬಲಗೈ ಬೆರಳು ಕೆಟ್ಟು ಇಪ್ಪತ್ತರ ಹರೆಯದಲ್ಲೇ ಆ ಕನಸು ಬಿಡಬೇಕಾಯಿತು. ಬೆರಳನ್ನು ಪಳಗಿಸಲು ಅವರು ಯಾಂತ್ರಿಕ ಸಾಧನವೊಂದನ್ನು ಬಳಸಿದ್ದರು. ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಶರ್ ಅವರ ಬಲಗೈ ಬೆರಳುಗಳು 1960ರ ದಶಕದ ನಡುವೆ ತಾವಾಗಿಯೇ ಒಳಕ್ಕೆ ಮಡಚಿಕೊಳ್ಳತೊಡಗಿದವು. ಫೋಕಲ್ ಡಿಸ್ಟೋನಿಯಾ ಎಂಬ ಈ ತೊಂದರೆಯ ಮೂಲ ಬೆರಳಿನಲ್ಲಿಲ್ಲ, ಮಿದುಳಿನಲ್ಲಿದೆ. ಮೂರು ದಶಕ ಎಡಗೈಯೊಂದರಲ್ಲೇ ನುಡಿಸಿ, ಚಿಕಿತ್ಸೆಯ ನಂತರ ಅವರು ಮತ್ತೆ ಎರಡೂ ಕೈ ಬಳಸಿದರು. ನುಡಿಸುವಾಗ ಜೋಮು, ನೋವು ಅಥವಾ ಬೆರಳು ಮಾತು ಕೇಳದಿರುವುದು ವಾರಗಟ್ಟಲೆ ಮುಂದುವರಿದರೆ ಎಣ್ಣೆ ತಿಕ್ಕುತ್ತಾ ಕೂರದೆ ನರರೋಗ ತಜ್ಞರಿಗೆ ತೋರಿಸಬೇಕು.

ಕೈ ಒಗ್ಗದಿದ್ದರೆ ವಾದ್ಯವನ್ನೇ ಒಗ್ಗಿಸಿಕೊಂಡವರೂ ಇದ್ದಾರೆ. ಜ್ಯಾಂಗೊ ರೈನ್‌ಹಾರ್ಟ್ 1928ರ ಬೆಂಕಿ ಅನಾಹುತದಲ್ಲಿ ಎಡಗೈಯ ಎರಡು ಬೆರಳುಗಳ ಬಲ ಕಳೆದುಕೊಂಡು, ಉಳಿದೆರಡು ಬೆರಳಿನಲ್ಲೇ ಸೋಲೋ ನುಡಿಸಿ ಜಾಝ್ ಗಿಟಾರಿನ ದಾರಿ ಬದಲಿಸಿದರು. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ಹದಿನೇಳರ ವಯಸ್ಸಿನಲ್ಲಿ ಬರ್ಮಿಂಗ್‌ಹ್ಯಾಮ್‌ನ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳ ತುದಿ ಕೊಟ್ಟರು. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಟೊಪ್ಪಿಗೆ ಮಾಡಿಕೊಂಡರು, ಮುಂದೆ ತಂತಿಯನ್ನೂ ಸಡಿಲಿಸಿ ಶ್ರುತಿ ಇಳಿಸಿದರು. ಹೆವಿ ಮೆಟಲ್‌ನ ಆ ಗಡಸು ಗುಡುಗಿನ ಹಿಂದೆ ನೋಯುವ ಬೆರಳಿಗೆ ಹುಡುಕಿದ ಉಪಶಮನವೂ ಇದೆ.

ಇಷ್ಟೆಲ್ಲ ಬಲ್ಲ ವಾದಕರಿಗೂ ಕನಕಪುರದ ಬಯಲಿನಲ್ಲಿ ಸಿಗದ ಸಂಗತಿ ಒಂದೇ: ಕೈ ಕಾಯಿಸಿದ ಮೇಲೆ ಕೂಡಲೇ ವೇದಿಕೆ. ಎಂಟಕ್ಕೆ ಕರೆಯುತ್ತಾರೆಂದು ಏಳೂಮುಕ್ಕಾಲಿಗೆ ಸಿದ್ಧರಾದವರನ್ನು ಒಂಬತ್ತೂಕಾಲಿಗೆ ಕರೆದರೆ ಮಾಡಿದ್ದೆಲ್ಲ ಆರಿಹೋಗಿರುತ್ತದೆ. ತಪ್ಪು ಬೆರಳಿನದೆಂದು ಜನ ತಿಳಿಯುತ್ತಾರೆ, ಅದು ಕಾರ್ಯಕ್ರಮ ಪಟ್ಟಿಯದು.

ಹಾಗಾಗಿ ಈ ಸಲದ ರಾಜ್ಯೋತ್ಸವಕ್ಕೆ, ಗಣೇಶೋತ್ಸವಕ್ಕೆ ವೇದಿಕೆ ಕಟ್ಟುವ ಸಂಘದವರಲ್ಲಿ ಒಂದು ಕೋರಿಕೆ. ವೇದಿಕೆಯ ಹಿಂದೆ ಮೂರು ಕಡೆ ಮುಚ್ಚಿದ ಒಂದು ಸಣ್ಣ ಶಾಮಿಯಾನ, ಒಂದು ಬಲ್ಬು, ಒಂದು ಪ್ಲಗ್ ಪಾಯಿಂಟ್, ನಾಲ್ಕು ಕುರ್ಚಿ, ಒಂದು ಫ್ಲಾಸ್ಕ್ ಚಹಾ ಕೊಡಿ. ಕೊನೆಯ ಸನ್ಮಾನ ಶುರುವಾಗುವ ಹದಿನೈದು ನಿಮಿಷ ಮುಂಚೆ ಯಾರಾದರೂ ಒಬ್ಬರು ಹಿಂದೆ ಹೋಗಿ ಆರ್ಕೆಸ್ಟ್ರಾದವರಿಗೆ ತಿಳಿಸಿ. ಮೊದಲ ಹಾಡು ಗಣಪತಿಯದೇ ಇರಲಿ, ಅದನ್ನು ಬಿಡಿಸಬೇಡಿ.